ಮಧ್ಯಾಹ್ನದ ದೆವ್ವದ ಕಾಲುಗಳು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅಂತ ಅವ್ವ ಬೈಯುತ್ತಾಳೆ. ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತ ಹೇಳುವಾಗಲೂ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಇರುತ್ತೇನೆ. ಮುಂದಿನ ಬೆಂಚಿನ ಮಕ್ಕಳಿಗೆ ಕತ್ತು ನೋಯುತ್ತದಂತೆ. ಅಂಥ ನಾನು ಈ ವರ್ಷ, ಬೇಸಿಗೆ ಇನ್ನೂ ಪೂರ್ತಿ ಏರುವ ಮೊದಲಿನ ಒಂದು ಮಧ್ಯಾಹ್ನ, ಬಿಸಿಯೂಟ ಮುಗಿದ ಹೊತ್ತಿಗೆ ಶಾಲೆಯ ಕಂಬ ಹಿಡಿದು ನಿಂತುಬಿಟ್ಟೆ.

ಅಂಗಳದಲ್ಲಿ ಒಂಬತ್ತನೇ ತರಗತಿಯ ಆರೇಳು ಹುಡುಗಿಯರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಹೆಜ್ಜೆ ಎತ್ತದೆ, ಪಾದಗಳನ್ನು ನೆಲಕ್ಕೆ ಒತ್ತಿ ಎಳೆಯುತ್ತಾ ಸಾಲಾಗಿ ಹೋಗುತ್ತಿದ್ದರು. ಧೂಳಿನಲ್ಲಿ ಗೆರೆ ಮೂಡುತ್ತಿತ್ತು. ಒಬ್ಬಳು ಅಡುಗೆಯ ಅಕ್ಕನ ಮೊಬೈಲು ಇಸಿದುಕೊಂಡು ಅವರ ಕಾಲುಗಳನ್ನಷ್ಟೇ ವಿಡಿಯೊ ಮಾಡುತ್ತಿದ್ದಳು. ನಾನು ಗದರಿದೆ. ಯಾಕೆ ಅಷ್ಟು ಜೋರಾಗಿ ಗದರಿದೆನೋ, ಸ್ಟಾಫ್ ರೂಮಿನಿಂದ ಇಬ್ಬರು ಎದ್ದು ಬಂದರು. ಹುಡುಗಿಯರು ಹೆದರಿ ಹೇಳಿದ್ದು ಇಷ್ಟು: ಇದು ರೀಲು ಸಾರ್, ಮಧ್ಯಾಹ್ನದ ದೆವ್ವದ ನಡಿಗೆ, ಈಗ ಎಲ್ಲರೂ ಮಾಡುತ್ತಿದ್ದಾರೆ.

ಮಧ್ಯಾಹ್ನದ ದೆವ್ವವಂತೆ! ಆ ನಡಿಗೆ ನನ್ನ ಅವ್ವನದು.

ಹನ್ನೆರಡು ವರ್ಷದ ಹಿಂದಿನ ಸಿನಿಮಾ ಅದು, ಒಂದು ದೆವ್ವದ ಚಿತ್ರದ ಎರಡನೇ ಭಾಗ. ಮೊದಲನೆಯದು ನಮ್ಮ ಕಡೆ ಭಾರಿ ಓಡಿತ್ತು. ಬಾಗಿಲು ಕಿರ್ ಅನ್ನುವುದು, ಕೂದಲು ಬಿಟ್ಟುಕೊಂಡ ಹೆಂಗಸು ಚಾವಣಿಗೆ ಅಂಟಿಕೊಳ್ಳುವುದು, ಕೊನೆಗೆ ಮಂತ್ರವಾದಿ ಬಂದು ನಿಂಬೆಹಣ್ಣು ಕೊಯ್ಯುವುದು, ಎಲ್ಲ ಇತ್ತು. ಜನ ಬಾಯಿ ಬಿಟ್ಟುಕೊಂಡು ನೋಡಿದರು, ಎರಡು ಮೂರು ಸಲ ನೋಡಿದರು. ಎರಡನೇ ಭಾಗಕ್ಕೆ ನಿರ್ದೇಶಕರ ತಲೆಗೆ ಏನು ಹೊಕ್ಕಿತೋ, ದೆವ್ವ ಕತ್ತಲಲ್ಲೇ ಯಾಕೆ ಬರಬೇಕು, ಮಟಮಟ ಮಧ್ಯಾಹ್ನ ಬರಲಿ ಅಂದರು. ಇಡೀ ಚಿತ್ರದಲ್ಲಿ ಒಂದು ರಾತ್ರಿ ಇಲ್ಲ. ದೆವ್ವ ಕಿರುಚುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ. ಬಾಗಿಲು ಮುಚ್ಚಿದ ಒಂದು ಅಕ್ಕಿ ಮಿಲ್ಲಿನ ಜನರಿಲ್ಲದ ಕಣದಲ್ಲಿ ದಿನಾ ಹನ್ನೆರಡಕ್ಕೆ ಬಂದು, ಹರವಿದ ಭತ್ತದ ಮೇಲೆ ಕಾಲೆಳೆಯುತ್ತಾ ನಡೆಯುತ್ತದೆ. ನೋಡಿದವರು ಮನೆ ಬಿಟ್ಟು ಹೋಗುತ್ತಾರೆ. ಅಷ್ಟೇ.

ಅದನ್ನು ತೆಗೆದದ್ದು ಸಿರುಗುಪ್ಪದಲ್ಲಿ, ನನ್ನ ಅವ್ವ ಕೂಲಿಗೆ ಹೋಗುತ್ತಿದ್ದ ಮಿಲ್ಲಿನಲ್ಲಿ.

ಭತ್ತಕ್ಕೆ ನಮ್ಮ ಕಡೆ ನೆಲ್ಲು ಅನ್ನುತ್ತಾರೆ. ಆವಿಯಲ್ಲಿ ಬೇಯಿಸಿದ ನೆಲ್ಲನ್ನು ಮಿಲ್ಲಿನ ಸಿಮೆಂಟಿನ ಕಣದ ಮೇಲೆ ಹರವಿ ಒಣಗಿಸಬೇಕು. ಆಗಾಗ ತಿರುವಬೇಕು, ಇಲ್ಲವಾದರೆ ಕೆಳಗಿನದು ಮುಗ್ಗುತ್ತದೆ. ತಿರುವುವುದು ಕಾಲಿನಿಂದ. ಹೆಂಗಸರು ಸಾಲಾಗಿ ನಿಂತು, ಪಾದ ಎತ್ತದೆ, ನೆಲ್ಲಿನೊಳಗೆ ಉಳುತ್ತಾ ಹೋಗುತ್ತಾರೆ. ಸಾಲು ನೂಲು ಹಿಡಿದ ಹಾಗೆ ನೇರ ಇರಬೇಕು. ತುದಿಗೆ ಹೋದಾಗ ಹಿಮ್ಮಡಿ ಊರಿ, ಪಾದವನ್ನು ಅರ್ಧ ಸುತ್ತು ತಿರುಗಿಸಿ, ಮೂಲೆಯ ನೆಲ್ಲನ್ನೂ ಎಬ್ಬಿಸಿಕೊಂಡು ವಾಪಸ್ಸು ಬರಬೇಕು. ಒಂದು ಕಾಳೂ ಮಲಗಬಾರದು ಅನ್ನುತ್ತಿದ್ದಳು ಅವ್ವ. ಅಪ್ಪ ನಾನು ಎರಡನೇ ತರಗತಿಯಲ್ಲಿದ್ದಾಗ ತೀರಿಕೊಂಡ. ಅಲ್ಲಿಂದ ಮುಂದೆ ನಾನು ಉಂಡದ್ದು, ಓದಿದ್ದು ಎಲ್ಲ ಆ ಕಾಲಿನಿಂದಲೇ.

ದೆವ್ವದ ಪಾತ್ರಕ್ಕೆ ಬಂದಿದ್ದ ನಟಿ ಪಾಪ, ಬಿಸಿಲಿಗೆ ಕಾದ ಆ ಕಣದ ಮೇಲೆ ಹತ್ತು ಹೆಜ್ಜೆ ಇಡುವುದರೊಳಗೆ ಅಂಗಾಲಿಗೆ ಬೊಬ್ಬೆ ಎದ್ದು ಅತ್ತೇಬಿಟ್ಟಳಂತೆ. ನಿರ್ದೇಶಕರು ಸುತ್ತ ನೋಡಿದ್ದಾರೆ. ಗೋಡೆಯ ನೆರಳಲ್ಲಿ ಮಿಲ್ಲಿನ ಹೆಂಗಸರು ನಿಂತಿದ್ದರು, ಅವ್ವ ಮುಂದೆ. ಮುಖ ಬೇಡ, ಕಾಲು ಸಾಕು ಅಂದರಂತೆ. ಕರಿ ಸೀರೆ ಉಡಿಸಿ ಒಂದು ಮಧ್ಯಾಹ್ನವೆಲ್ಲ ನಡೆಸಿದರು. ಸಂಜೆ ಅವ್ವ ಮಿಲ್ಲಿನ ಮೇಸ್ತ್ರಿಯ ಫೋನಿನಿಂದ ನನಗೆ ಫೋನು ಮಾಡಿ ಹೇಳಿದಳು. ಅವಳ ದನಿಯಲ್ಲಿ ಅಷ್ಟು ನಗು ನಾನು ಕೇಳಿದ್ದು ಕಡಿಮೆ. ಸಿನಿಮಾ ಬಂದಾಗ ಗೆಳೆಯರನ್ನೆಲ್ಲ ಕರಕೊಂಡು ಹೋಗಿ ನೋಡು ಅಂದಳು.

ಗೆಳೆಯರು! ಅಲ್ಲೇ ಇತ್ತು ನನ್ನ ಕಷ್ಟ.

ನಾನಾಗ ಬಳ್ಳಾರಿಯಲ್ಲಿ ಡಿಗ್ರಿ ಓದುತ್ತಿದ್ದೆ. ಕೌಲ್ ಬಜಾರಿನಲ್ಲಿ ತಗಡಿನ ಟ್ರಂಕು ಮಾಡುವ ಅಂಗಡಿಯ ಮೇಲೊಂದು ಕೋಣೆ. ಅಂಗಡಿಯವರ ಮಗ ನನ್ನ ಸಹಪಾಠಿ, ನನ್ನ ಜೀವದ ಗೆಳೆಯ. ದಿನವಿಡೀ ಕೆಳಗೆ ಸುತ್ತಿಗೆ ಸದ್ದು, ಮೇಲೆ ನಮ್ಮಿಬ್ಬರ ಓದು. ಮೊದಲ ವಾರವೇ ಅವನು ನಿಮ್ಮ ಮನೆಯವರು ಏನು ಮಾಡುತ್ತಾರೆ ಅಂತ ಕೇಳಿದ್ದ. ಸಿರುಗುಪ್ಪದಲ್ಲಿ ಮಿಲ್ಲು ಅಂದಿದ್ದೆ. ಅವ್ವ ಹಬ್ಬಕ್ಕೊಮ್ಮೆ ಒಳ್ಳೆಯ ಅಕ್ಕಿ ಕಟ್ಟಿ ಕೊಡುತ್ತಿದ್ದಳು, ಅದನ್ನು ಅವನ ಮನೆಗೂ ಕೊಟ್ಟೆ. ಮಿಲ್ಲಿನ ಒಡೆಯರ ಮನೆಯ ಹುಡುಗ ಅಂತ ಅವರೇ ತಿಳಿದುಕೊಂಡರು. ಅಲ್ಲ ಅಂತ ಹೇಳಲು ನನಗೆ ಬಾಯಿ ಇರಲಿಲ್ಲವೇ? ಇತ್ತು. ಹೇಳಲಿಲ್ಲ. ಸುಳ್ಳು ಹೇಳಿದವನಿಗಿಂತ ಸುಳ್ಳನ್ನು ಸಾಕಿಕೊಂಡವನು ಕೆಟ್ಟವನು, ಅದು ನಾನು.

ಸಿನಿಮಾ ಬಂತು. ಮೊದಲ ದಿನ ಬೆಳಗಿನ ಆಟಕ್ಕೇ ಹೋದೆವು. ಅರ್ಧ ಗಂಟೆಯೊಳಗೆ ಥಿಯೇಟರಿನಲ್ಲಿ ಎರಡು ಪಕ್ಷ ಆದವು. ಕೆಲವರು ನಿಜವಾಗಿಯೂ ಹೆದರಿ ಉಸಿರು ಬಿಗಿಹಿಡಿದಿದ್ದರು. ಉಳಿದವರಿಗೆ ಮೈಯೆಲ್ಲ ಉರಿ, ದಯ್ಯಂ ಎಕ್ಕಡರಾ, ದೆವ್ವ ಎಲ್ಲಿ ಅಂತ ತೆಲುಗಿನಲ್ಲೂ ಕನ್ನಡದಲ್ಲೂ ಕೂಗು. ಆಮೇಲೆ ಆ ದೃಶ್ಯ ಬಂತು. ಬೆಳ್ಳನೆಯ ಕಣ, ಎರಡು ಕಾಲು. ಬಲಗಾಲಿನ ಕಿರುಬೆರಳು ಉಳಿದವುಗಳ ಮೇಲೆ ಮುನಿಸಿಕೊಂಡ ಹಾಗೆ ದೂರ ನಿಂತಿದೆ, ಹಿಮ್ಮಡಿಯಲ್ಲಿ ಉದ್ದನೆಯ ಬಿರುಕು. ಹಿತ್ತಲಲ್ಲಿ ಕೂತು ಅದಕ್ಕೆ ನಾನೇ ಎಷ್ಟೋ ಸಲ ಹರಳೆಣ್ಣೆ ಹಚ್ಚಿದ್ದೆ. ಪಕ್ಕದಲ್ಲಿ ಗೆಳೆಯ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದ, ಅವನು ಹೆದರಿದ್ದ. ನನಗೆ ಬೇರೆಯದೇ ಭಯ. ಸಿರುಗುಪ್ಪದ ಯಾವನಾದರೂ ಇಲ್ಲಿ ಕೂತಿದ್ದು, ಅದು ಇಂಥವನ ಅವ್ವ ಅಂದುಬಿಟ್ಟರೆ? ಅವನು ಬಾಯಿ ತೆರೆಯುವ ಮೊದಲೇ ಅವಳನ್ನು ಯಾರೋ ಒಬ್ಬ ಕೂಲಿಯಾಕೆ ಮಾಡಿಬಿಡಬೇಕು ಅನ್ನಿಸಿತು. ಎದ್ದು ನಿಂತು ನಾನೇ ಒದರಿದೆ.

"ಲೇ, ಅದು ದೆವ್ವ ಅಲ್ಲಲೇ, ನೆಲ್ಲು ತಿರುವೋ ಕೂಲಿಯಾಕಿ!"

ಥಿಯೇಟರಿಗೆ ಥಿಯೇಟರೇ ನಕ್ಕಿತು. ಹೆದರಿದ್ದವರೂ ನಕ್ಕರು. ಅಲ್ಲಿಗೆ ಆ ದೆವ್ವ ಸತ್ತಿತು. ಮುಂದಿನ ಆಟಗಳಲ್ಲೂ ಆ ದೃಶ್ಯಕ್ಕೆ ಯಾರೋ ಒಬ್ಬರು ಅದನ್ನೇ ಕೂಗುತ್ತಿದ್ದರಂತೆ. ಬಳ್ಳಾರಿಯಿಂದ ಸಿನಿಮಾ ಒಂದು ವಾರವೂ ನಿಲ್ಲದೆ ಹೋಯಿತು. ಹೊರಗೆ ಬಂದಾಗ ಗೆಳೆಯ ಕೇಳಿದ: ನಿನಗೆ ಹೇಗೆ ಗೊತ್ತಾಯಿತು ಯಾರ್? ನಮ್ಮ ಮಿಲ್ಲಿನಲ್ಲಿ ಕೂಲಿಯವರು ಹಾಗೇ ತಿರುವುತ್ತಾರೆ ಅಂದೆ. ಅವನು ಹೌದಾ ಅಂದ. ಇಬ್ಬರೂ ಮಿರ್ಚಿ ತಿಂದೆವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ಆ ವಾರದಿಂದ ನನಗೆ ಗೆಳೆಯನ ಮುಖ ನೋಡುವುದೇ ಕಷ್ಟವಾಯಿತು. ಪರೀಕ್ಷೆ ಮುಗಿದದ್ದೇ ಕೋಣೆ ಬಿಟ್ಟೆ. ಆಮೇಲೆ ಕೆಲಸಕ್ಕೆಂದು ಬಳ್ಳಾರಿಗೆ ನೂರು ಸಲ ಹೋಗಿದ್ದೇನೆ. ಕೌಲ್ ಬಜಾರಿಗೆ ಕಾಲಿಟ್ಟಿಲ್ಲ. ಅವ್ವನೂ ಆ ಸಿನಿಮಾದ ಸುದ್ದಿ ಎತ್ತಲಿಲ್ಲ. ಫೋನಿನಲ್ಲಿ ಅಷ್ಟು ನಕ್ಕವಳು ರಜೆಗೆ ಊರಿಗೆ ಹೋದಾಗ ಒಂದಕ್ಷರ ಆಡಲಿಲ್ಲ. ನಾನು ಒದರಿದ್ದು ಸಿರುಗುಪ್ಪಕ್ಕೆ ಮುಟ್ಟಿದೆ, ಅವಳಿಗೆ ತಿಳಿದಿದೆ ಅಂತಲೇ ನನ್ನ ಲೆಕ್ಕ. ಕೇಳುವ ಧೈರ್ಯ ಬರಲಿಲ್ಲ. ಹನ್ನೆರಡು ವರ್ಷ.

ಈಗ ಅವ್ವ ನನ್ನ ಜೊತೆ ಕುರುಗೋಡಿನಲ್ಲಿದ್ದಾಳೆ. ಮೊಣಕಾಲು ಸವೆದಿವೆ. ಗೋಡೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ನಡೆಯುತ್ತಾಳೆ. ಅವಳ ಆ ಹಳೆಯ ನಡಿಗೆ ಈಗ ಆ ಸಿನಿಮಾದಲ್ಲಿ ಮಾತ್ರ ಇದೆ. ಅದನ್ನು ನಗೆಪಾಟಲು ಮಾಡಿದವನು ನಾನು ಅಂತ ನೆನಪಾದಾಗಲೆಲ್ಲ ಎದ್ದು ಓಡಾಡುತ್ತೇನೆ.

ಹುಡುಗಿಯರನ್ನು ಗದರಿದ ಮಾರನೇ ದಿನ ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಫೋನು ಮಾಡಿದ. ಬಳ್ಳಾರಿಯಲ್ಲಿ ಕೆಲಸದಲ್ಲಿದ್ದಾನೆ, ಸಿನಿಮಾದ ಹುಚ್ಚು. ಅವನೂ ಅವನಂಥ ಕೆಲವರೂ ಸೇರಿ ಆ ಎರಡನೇ ಭಾಗವನ್ನು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ತೋರಿಸುತ್ತಾರಂತೆ. ಮೊಬೈಲಿನಲ್ಲಿ ಸಿಕ್ಕಮೇಲೆ ಹುಡುಗರು ಅದನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ, ಮತ್ತೆ ಮತ್ತೆ ನೋಡುತ್ತಾರೆ, ಮೊದಲನೇ ಭಾಗ ಇದರ ಮುಂದೆ ಏನೂ ಅಲ್ಲ ಅನ್ನುತ್ತಾರೆ. ಅದರಲ್ಲೂ ಆ ಕಾಲುಗಳು. ಯಾರ ಕಾಲು ಅಂತ ಇಂದಿಗೂ ಯಾರಿಗೂ ಗೊತ್ತಿಲ್ಲವಂತೆ. ಚಿತ್ರದ ಕೊನೆಯ ಹೆಸರುಗಳಲ್ಲಿ ಇಲ್ಲ. ಆ ಹೆಂಗಸು ಚಿತ್ರ ಮುಗಿದ ತಿಂಗಳಲ್ಲೇ ಸತ್ತಳು ಅಂತ ಕೆಲವರು, ಅಂಥ ಹೆಂಗಸೇ ಇರಲಿಲ್ಲ, ನಿಜವಾದ ದೆವ್ವವೇ ಕ್ಯಾಮೆರಾಕ್ಕೆ ತಾನಾಗಿ ಬಂದು ಬಿದ್ದದ್ದು ಅಂತ ಇನ್ನು ಕೆಲವರು.

"ಸಾರ್, ನೀವು ಸಿರುಗುಪ್ಪದವರಲ್ಲೇನು, ಆಕಿ ಯಾರಂತ ಗೊತ್ತೇನ್ರಿ?" ಅಂತ ಕೇಳಿದ.

ನಾನು ವಿಚಾರಿಸುತ್ತೇನೆ ಅಂದೆ. ಹನ್ನೆರಡು ವರ್ಷವಾದರೂ ಅದೇ ನಾಲಗೆ! ಫೋನಿಟ್ಟು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅವ್ವ ಬಾಗಿಲಲ್ಲಿ ಕಾಲು ಚಾಚಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ಒಳಗೆ ಹೊರಗೆ ನಾಲ್ಕು ಸಲ ತಿರುಗಿದೆ. ಏನು ಕಳಕೊಂಡಿದ್ದೀಯೋ ಅಂದಳು. ಸಿನಿಮಾ ಮತ್ತೆ ತೋರಿಸುತ್ತಾರಂತೆ, ನಿನ್ನದು, ಅಂದೆ. ಅವಳ ಕೈ ನಿಂತಿತು. ಈಗ ಬಂತು ಅಂದುಕೊಂಡೆ. ಬಂದದ್ದು ಬೇರೆ.

"ಸೊಟ್ಟ ನಡಿ ಅಂದ ಆ ಸಿನಿಮಾದ ಪುಣ್ಯಾತ್ಮ. ನೆಲ್ಲಿನ್ಯಾಗ ಯಾರರ ಸೊಟ್ಟ ನಡೀತಾರೇನು? ಮುಗ್ಗತೈತಿ ಅಂದ್ರೂ ಕೇಳಲಿಲ್ಲ. ಮೂಲಿಗೆ ಬಂದು ನಾ ಚಂದಾಗಿ ತಿರುಗೀನಿ, ಅದನ್ನ ಕತ್ತರಿಸಿ ಒಗದಾನ."

ಅಯ್ಯೋ ದೇವರೇ. ಅವ್ವನ ಮೌನ ಇದಕ್ಕೆ! ಸಿರುಗುಪ್ಪದಲ್ಲಿ ಸಿನಿಮಾ ಬಂದಾಗ ಮಿಲ್ಲಿನ ಹೆಂಗಸರೆಲ್ಲ ಒಟ್ಟಿಗೆ ಹೋಗಿದ್ದರಂತೆ. ಅಲ್ಲಿ ಯಾರಿಗೂ ದೆವ್ವ ಕಾಣಲೇ ಇಲ್ಲ. ಎಲ್ಲರಿಗೂ ಕಂಡದ್ದು ಸೊಟ್ಟ ಸಾಲು, ತಿರುವದೆ ಬಿಟ್ಟ ಮೂಲೆ. ಇಷ್ಟು ವರ್ಷ ಕಣದಲ್ಲಿ ಮುಂದಿನ ಸಾಲು ಹಿಡಿದಾಕೆ ದೊಡ್ಡ ಪರದೆಯ ಮೇಲೆ ಕೆಲಸ ಕೆಡಿಸಿದಳು ಅಂತ ನಕ್ಕರಂತೆ. ಅವರೇ ಹಾಗೆ ನಡೆಸಿದರು ಅಂತ ಇವಳು ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಮತ್ತೆ ನಕ್ಕರಂತೆ. ಹೇಳುತ್ತಾ ಹೇಳುತ್ತಾ ಅವ್ವನ ಕುತ್ತಿಗೆಯ ನರ ಉಬ್ಬಿತು. ನನ್ನ ಕೂಗಿನ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ.

ಅಲ್ಲಿಗೆ ಸುಮ್ಮನಾಗಿದ್ದರೆ ಬಚಾವಾಗುತ್ತಿದ್ದೆ. ಆದರೆ ಹನ್ನೆರಡು ವರ್ಷ ಒಳಗೆ ಕುದ್ದದ್ದು ನಿಲ್ಲಲಿಲ್ಲ. ಬಳ್ಳಾರಿಯಲ್ಲಿ ಎದ್ದು ನಿಂತು ನಾನು ಹೀಗೆ ಒದರಿದೆ ಅಂತ ಹೇಳಿಬಿಟ್ಟೆ. ಅವಳು ಸೊಪ್ಪಿನ ಕಡೆ ನೋಡಿದಳು. ಅದರಲ್ಲಿ ತಪ್ಪೇನು, ಖರೇ ಹೇಳಿದೆಯಲ್ಲ, ನಾ ಏನು ದೆವ್ವ ಆಗಿದ್ದೆನೇ ಅಂದಳು. ನನ್ನ ಎದೆ ಹಗುರಾಯಿತು. ಆಗ ಕೇಳಿದಳು.

"ಆಕಿ ಯಾರಂತ ಯಾರೂ ಕೇಳಲಿಲ್ಲೇನು?"

ಗೆಳೆಯ ಕೇಳಿದ ಅಂದೆ. ಏನಂದಿ ಅಂದಳು. ನಾನು ಗೋಡೆ ನೋಡಿಕೊಂಡು ಹೇಳಿದೆ: ನಮ್ಮ ಮಿಲ್ಲಿನ ಕೂಲಿಯವರು ಹಾಗೆ ತಿರುವುತ್ತಾರೆ ಅಂದೆ ಅಂತ.

ಅವ್ವ ಬಿಡಿಸಿದ ಸೊಪ್ಪನ್ನು ಒಟ್ಟು ಮಾಡಿ, ಕಡ್ಡಿಗಳನ್ನು ಬೇರೆ ಮಾಡಿ, ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗೋಡೆ ಹಿಡಿದು ಏಳುತ್ತಾ ಹೇಳಿದಳು.

"ಹಂಗಾದ್ರ ನೀ ನಮ್ಮ ಧಣಿ ಆದಿ. ಹಾದಿ ಬಿಡ್ರಿ ಧಣಿ."

ಅವತ್ತಿನಿಂದ ಅದನ್ನೇ ಹಿಡಿದುಕೊಂಡಳು. ಧಣಿ, ಚಾ ಆರುತ್ತದೆ. ಧಣಿ, ನಿಮ್ಮ ಅಂಗಿ ಒಣಗಿದೆ. ನನ್ನ ಹೆಂಡತಿ ಮೊದಲೆರಡು ದಿನ ತಮಾಷೆ ಅಂತ ನಕ್ಕಳು. ಮೂರನೇ ದಿನ ನನ್ನ ಮುಖ ನೋಡಿ ನಗುವುದು ಬಿಟ್ಟಳು. ಚಪ್ಪಲಿಯಲ್ಲಿ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಹೆತ್ತ ತಾಯಿ ಬಹುವಚನದಲ್ಲಿ ಮಾತಾಡಿಸಿದರೆ ಮನುಷ್ಯ ಎಲ್ಲಿ ಹೋಗಬೇಕು? ಶಾಲೆಯಲ್ಲಿ ಒಂದೇ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿದೆ. ಶನಿವಾರ ಅವ್ವ ತಾನೇ ಹೇಳಿದಳು: ನಾಳೆ ಬಳ್ಳಾರಿಗೆ ನಾನೂ ಬರುತ್ತೇನೆ, ಮೊದಲು ಆ ಗೆಳೆಯನ ಅಂಗಡಿ ತೋರಿಸಬೇಕು.

ಬಸ್ಸಿನಲ್ಲಿ ನನಗೆ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಅವ್ವನನ್ನು ಕೂರಿಸಿ ಕಂಬಿ ಹಿಡಿದು ನಿಂತೇ ಹೋದೆ. ಕೌಲ್ ಬಜಾರಿನಲ್ಲಿ ಆಟೊ ಇಳಿದಾಗ ಅದೇ ಸುತ್ತಿಗೆ ಸದ್ದು. ಗೆಳೆಯ ದಪ್ಪಗಾಗಿದ್ದ, ಗಡ್ಡದಲ್ಲಿ ಎರಡು ಬಿಳಿ ಕೂದಲು. ನನ್ನನ್ನು ಕಂಡು ಸುತ್ತಿಗೆ ಬಿಟ್ಟು ಬಂದು ತಬ್ಬಿಕೊಂಡ. ಸತ್ತೀಯೋ ಬದುಕೀಯೋ ಅಂತ ಬೈದ. ಅವ್ವನಿಗೆ ಸ್ಟೂಲು ಹಾಕಿಸಿ, ಚಾ ತರಿಸಿ, ಈ ಅಮ್ಮ ಯಾರು ಅಂತ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿದಳು.

"ನಾನು ಇವರ ಮಿಲ್ಲಿನ ಕೂಲಿಯಾಕಿ ಯಪ್ಪಾ."

ಅವನು ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ. ಒಂದೇ ಮೂಗು, ಒಂದೇ ಗದ್ದ; ಕುರುಡನಿಗೂ ತಿಳಿಯುತ್ತದೆ. ಈಗಲಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, ವ್ಯಾಪಾರ ಹೇಗಿದೆ ಅಂತ. ಅವ್ವ ಬಸಿಯಲ್ಲಿ ಚಾ ಸುರುವಿಕೊಂಡು ಕುಡಿದಳು. ಗೆಳೆಯ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಆ ಸಿನಿಮಾವಾ, ನಾನೂ ಬರುತ್ತೇನೆ ಅಂತ ನಮ್ಮ ಜೊತೆ ಹೊರಟ. ದಾರಿಯುದ್ದಕ್ಕೂ ಅವನು ಅವ್ವನ ಮೊಣಕೈ ಹಿಡಿದಿದ್ದ, ನಾನು ಹಿಂದೆ.

ಅದೊಂದು ಹಳೆಯ ಸಭಾಂಗಣ, ಸಿಮೆಂಟಿನ ನೆಲ, ಪ್ಲಾಸ್ಟಿಕ್ ಕುರ್ಚಿ. ಹುಡುಗರು ಹುಡುಗಿಯರು ತುಂಬಿದ್ದರು. ಕೆಲವರ ಕರಿ ಅಂಗಿಯ ಮೇಲೆ ಎರಡು ಅಂಗಾಲಿನ ಚಿತ್ರ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, ಎಡಗಾಲು ತಪ್ಪು ಬರೆದಿದ್ದಾರೆ ಅಂದಳು. ಹಳೆಯ ವಿದ್ಯಾರ್ಥಿ ಬಂದು ನಮಸ್ಕಾರ ಮಾಡಿ, ವಿಚಾರಿಸಿದಿರಾ ಸಾರ್ ಅಂದ. ಆಮೇಲೆ ಹೇಳುತ್ತೇನೆ ಅಂದೆ. ಅವ್ವ ಕೇಳಿಸಿಕೊಂಡಳು. ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಗೆಳೆಯ ಕೂತೆವು.

ಆ ದೃಶ್ಯ ಬಂತು. ಈ ಸಲ ಯಾರೂ ನಗಲಿಲ್ಲ. ಅಷ್ಟು ಜನರಲ್ಲಿ ಒಂದು ಕೆಮ್ಮಿಲ್ಲ. ಮುಂದಿನ ಸಾಲಿನ ಹುಡುಗಿ ಬೆರಳು ಕಚ್ಚಿಕೊಂಡಿದ್ದಳು. ಪರದೆಯ ತುಂಬ ಅವ್ವನ ಕಾಲು, ಮುನಿಸಿಕೊಂಡ ಕಿರುಬೆರಳು, ಹಿಮ್ಮಡಿಯ ಬಿರುಕು, ಸರ್ ಸರ್ ಅಂತ ನೆಲ್ಲಿನ ಸದ್ದು. ನೋವೆಂದರೆ ಏನೆಂದೇ ಗೊತ್ತಿಲ್ಲದ ಮೊಣಕಾಲು. ಎಂಥ ಚಂದದ ನಡಿಗೆ ಅದು! ನನಗೆ ಅಳು ಬಂತು. ಎದ್ದು ನಿಂತೆ.

"ಅವು ನಮ್ಮವ್ವನ ಕಾಲು. ಇಲ್ಲೇ ಕೂತಾಳ ನಮ್ಮವ್ವ. ಮಿಲ್ಲು ನಮ್ಮದಲ್ಲ, ಆಕಿ ಕೂಲಿ ಮಾಡಿ ನನ್ನ ಓದಿಸ್ಯಾಳ."

ಇಡೀ ಸಭೆ ನನ್ನ ಕಡೆ ತಿರುಗುತ್ತದೆ ಅಂದುಕೊಂಡಿದ್ದೆ. ತಿರುಗಿತು, ಸಿಟ್ಟಿನಿಂದ. ಶ್ ಅಂದರು. ಕೂರಿ ಅಂಕಲ್, ಮಜಾ ಕೆಡಿಸಬೇಡಿ ಅಂತ ಹಿಂದಿನಿಂದ ಯಾರೋ ಅಂದರು. ನನ್ನ ವಿದ್ಯಾರ್ಥಿಯೇ ಬಗ್ಗಿಕೊಂಡು ಓಡಿಬಂದು, ಸಾರ್, ದಯವಿಟ್ಟು, ಎಲ್ಲರ ಮೂಡು ಹೋಗುತ್ತದೆ ಅಂದ. ಅವರಿಗೆ ಬೇಕಾದದ್ದು ಸತ್ತ ಹೆಂಗಸು. ಹೇಳಬೇಕಾದಾಗ ಹೇಳದವನ ಮಾತು ಈಗ ಯಾರಿಗೆ ಬೇಕು? ನಾನು ನಿಂತೇ ಇದ್ದೆ. ಅವ್ವ ನನ್ನ ಅಂಗಿ ಹಿಡಿದು ಜಗ್ಗಿದಳು.

"ಕುಂದರೋ. ಕಾಣವಲ್ದು. ಮೂಲಿ ಬಂತು."

ಕೂತೆ. ಪರದೆಯಲ್ಲಿ ಕಾಲುಗಳು ಕಣದ ತುದಿಗೆ ಬಂದವು, ಹಿಮ್ಮಡಿ ಊರಿತು, ಅಷ್ಟರಲ್ಲಿ ದೃಶ್ಯ ಕಟ್ಟಾಗಿ ಯಾವುದೋ ಖಾಲಿ ಮನೆಯ ಕಿಟಕಿ ಬಂತು. ಸಭೆ ಒಟ್ಟಿಗೆ ಉಸಿರು ಬಿಟ್ಟಿತು. ಆಗ ನನ್ನ ಪಕ್ಕದಲ್ಲಿ, ಕೆಳಗೆ, ಸರ್ ಅಂತ ಸದ್ದು ಕೇಳಿಸಿತು. ಅವ್ವ ಚಪ್ಪಲಿ ಬಿಟ್ಟಿದ್ದಳು. ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದು, ಹಲ್ಲು ಕಚ್ಚಿ, ಹಿಮ್ಮಡಿ ಊರಿ, ಬರಿಗಾಲನ್ನು ಸಿಮೆಂಟಿನ ಮೇಲೆ ನಿಧಾನಕ್ಕೆ ಅರ್ಧ ಸುತ್ತು ತಿರುಗಿಸುತ್ತಿದ್ದಳು. ಗೆಳೆಯ ಬಗ್ಗಿ ನೋಡಿದ. ಏನೂ ಕೇಳದೆ ತನ್ನ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಅವಳಿಗೆ ಜಾಗ ಮಾಡಿಕೊಟ್ಟ. ಅವ್ವ ಎಡಗಾಲು ತಿರುಗಿಸಿದಳು, ಆಮೇಲೆ ಬಲಗಾಲು. ಮೂಲೆ ಮುಗಿಯಿತು.

ಅವಳ ಹಣೆಯಲ್ಲಿ ಬೆವರು ಬಂದಿತ್ತು. ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ಕೈ ಚಾಚಿ, ನೀರಿನ ಬಾಟ್ಲಿ ಕೊಡೋ ಅಂದಳು. ಧಣಿ ಅನ್ನಲಿಲ್ಲ.